ಕೋಡಿ ಇಲ್ಲದ ಕೆರೆ: ವಿಪತ್ತು ನಿರ್ವಹಣೆಯವರಿಗೆ ಒಂದು ಬಹಿರಂಗ ಪತ್ರ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಹಿರಿಯರಿಗೆ, ಉತ್ತರಾಖಂಡ ಸರ್ಕಾರದವರಿಗೆ, ಜೊತೆಗೆ ಮುಂದಿನ ಸೀಸನ್ನಿಗೆ ಕೇದಾರಕ್ಕೆ ಹೊರಡುವ ಲೆಕ್ಕಾಚಾರದಲ್ಲಿರುವ ನನ್ನ ಕನ್ನಡದವರಿಗೂ,

ನಮಸ್ಕಾರ.

ದೆಹಲಿಗೂ ಡೆಹ್ರಾಡೂನಿಗೂ ಬರೆಯುವ ಪತ್ರ ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. ಕೇದಾರನಾಥದ ಮುಖ್ಯ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯಿಂದ ಬರುವವರು, ಹಾಗಾಗಿ ಆ ಗುಡಿಗೂ ನಮ್ಮ ಮಾತಿಗೂ ಹಳೆಯ ನಂಟಿದೆ. ಪ್ರತಿ ವರ್ಷ ಅಲ್ಲಿಗೆ ಹತ್ತುವವರಲ್ಲಿ ನಮ್ಮವರು ಕಡಿಮೆ ಏನಿಲ್ಲ. ಇದು ಒಂದು ಕಾರಣ. ನಿಜವಾದ ಕಾರಣ ಬೇರೆ. ನಾನು ಹೇಳಬೇಕಾದ ವಿಷಯಕ್ಕೆ ಬೇಕಾದ ಮೂರು ಪದ ಕನ್ನಡದಲ್ಲಿವೆ: ಏರಿ (ಕೆರೆಯ ನೀರು ತಡೆಯುವ ಒಡ್ಡು), ತೂಬು (ಬೇಕಾದಾಗ ನೀರು ಬಿಡುವ ಕಿಂಡಿ), ಕೋಡಿ (ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ).

ಗುಡಿಯ ಹಿಂದಿನಿಂದ ಸುಮಾರು ಎರಡು ಕಿಲೋಮೀಟರ್ ಹತ್ತಿದರೆ ಚೋರಾಬಾರಿ ತಾಲ್ ಇದ್ದ ಜಾಗ ಸಿಗುತ್ತದೆ. ಎತ್ತರ ಸುಮಾರು 3,900 ಮೀಟರ್. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದಿಷ್ಟನ್ನು ಅಲ್ಲಿ ಬಿಟ್ಟಿದ್ದರಿಂದ ಗಾಂಧಿ ಸರೋವರ ಅಂತಲೂ ಕರೆಯುತ್ತಾರೆ. 'ಇದ್ದ ಜಾಗ' ಅಂದೆ, ಯಾಕೆಂದರೆ ಆ ಕೆರೆ 2013ರ ಜೂನ್ 17ರ ಬೆಳಗ್ಗೆ ಒಡೆದು, ಐದು-ಹತ್ತು ನಿಮಿಷದಲ್ಲಿ ಕೆಳಗಿನ ಕೇದಾರದ ಕಡೆಗೆ ಖಾಲಿಯಾಯಿತು. ನಾನು ನೋಡಿದ್ದು ಅದರ ತಳವನ್ನು. ಬೂದು ಬಣ್ಣದ ಒಂದು ಬೋಗುಣಿ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಲ್ಲುಮಣ್ಣಿನ ಉದ್ದನೆ ದಿಬ್ಬ, ಆ ದಿಬ್ಬದಲ್ಲಿ ಕಿತ್ತುಹೋದ ಒಂದು ಬಾಯಿ.

ಜೊತೆಗೆ ನನ್ನ ಸೋದರಮಾವ ಇದ್ದರು. ಹೊಲ, ಕೆರೆ ನೋಡಿಕೊಂಡೇ ಬೆಳೆದವರು. ಉಸಿರು ಹಿಡಿದುಕೊಂಡು ನಿಂತು, ಒಂದು ಸಲ ಸುತ್ತ ನೋಡಿ, "ಕೋಡಿ ಎಲ್ಲಿತ್ತೋ ಇದಕ್ಕೆ?" ಅಂದರು.

"ಇರಲಿಲ್ಲ ಮಾವ."

"ತೂಬು?"

"ಅದೂ ಇಲ್ಲ."

"ಹಂಗಾದ್ರೆ ಒಡೀದೆ ಇನ್ನೇನಾಗ್ತದೆ" ಅಂತ ಹೇಳಿ ಕೂತು ನೀರು ಕುಡಿದರು. ಆ ದುರಂತವಾದ ಮೇಲೆ ವಿಜ್ಞಾನಿಗಳು ಅಧ್ಯಯನ ಮಾಡಿ ಬರೆದಿದ್ದರಲ್ಲಿ ಮುಖ್ಯವಾದ ಒಂದು ಅಂಶ ಇದೇ: ಕೆರೆಗೆ ನೀರು ಬರುವ ಇಳಿಜಾರು ದೊಡ್ಡದು, ಹೊರಗೆ ಹೋಗುವ ಕಾಲುವೆ ಮಾತ್ರ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾತ್ರೆಗೆ ಹೋಗುವ ಬಹಳ ಜನರಿಗೆ ಆ ಕೆರೆ ಹೇಗೆ ಹುಟ್ಟಿತ್ತು ಅಂತಲೇ ಗೊತ್ತಿಲ್ಲ. ಆ ಪ್ರವಾಹದಲ್ಲಿ ಉರುಳಿ ಬಂದು ಗುಡಿಯ ಹಿಂದೆ ನಿಂತ ಭೀಮಶಿಲೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆ ಬಂಡೆ ಎಲ್ಲಿಂದ ಬಂತು, ತಂದ ನೀರು ಎಲ್ಲಿತ್ತು ಅಂತ ತಲೆ ಎತ್ತಿ ಮೇಲೆ ನೋಡುವವರು ಕಮ್ಮಿ.

ಹಿಮನದಿ ಅಂದರೆ ನಿಧಾನಕ್ಕೆ ಜಾರುವ ಮಂಜುಗಡ್ಡೆ. ಜಾರುವಾಗ ಅದು ಬೆಟ್ಟವನ್ನು ಕೆರೆಯುತ್ತದೆ. ಮೇಲಿಂದ ಉದುರಿದ ಕಲ್ಲನ್ನೂ ಬೆನ್ನ ಮೇಲೆ ಹೊತ್ತು ತರುತ್ತದೆ. ಕೇದಾರದ ಸುತ್ತಲಿನ ಬೆಟ್ಟಗಳು ಹೆಚ್ಚಾಗಿ ನೈಸ್ ಮತ್ತು ಶಿಸ್ಟ್ ಜಾತಿಯ ಕಲ್ಲು, ಅಂದರೆ ಭೂಮಿಯ ಆಳದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಬೆಂದು, ಬಿಳಿ-ಕಪ್ಪು ಪಟ್ಟೆ ಮೂಡಿ, ಅಭ್ರಕ ಮಿನುಗುವ ಕಲ್ಲು. ಸುಮಾರು ಐದು ಕೋಟಿ ವರ್ಷದ ಹಿಂದೆ ಶುರುವಾದ ಭಾರತ-ಏಷ್ಯಾ ಡಿಕ್ಕಿ ಇನ್ನೂ ನಿಂತಿಲ್ಲ, ಅದೇ ಈ ಆಳದ ಕಲ್ಲನ್ನು ದಕ್ಷಿಣಕ್ಕೆ ತಳ್ಳಿ, ಮೇಲಕ್ಕೆತ್ತಿ ನಿಲ್ಲಿಸಿದೆ. ಇಷ್ಟು ಹಿಂಸೆ ಪಟ್ಟ ಕಲ್ಲಿಗೆ ಬಿರುಕು ಜಾಸ್ತಿ. ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಬಂಡೆ ಸೀಳುತ್ತದೆ. ಚೋರಾಬಾರಿ ಹಿಮನದಿಗೆ ಹೊರಲು ಸರಕಿಗೆ ಕೊರತೆಯೇ ಇಲ್ಲ.

ಆ ಸರಕನ್ನು ಅದು ಎರಡೂ ಮಗ್ಗುಲಿಗೆ ಸುರಿಯುತ್ತಾ ಹೋಗುತ್ತದೆ, ನೇಗಿಲು ಸಾಲು ಹೊಡೆಯುವಾಗ ಮಣ್ಣು ಎರಡು ಕಡೆ ಎದ್ದು ಬೀಳುತ್ತದಲ್ಲ, ಹಾಗೆ. ಇದನ್ನು ಮೊರೇನ್ ಅನ್ನುತ್ತಾರೆ. ನಮ್ಮ ಕಣ್ಣಿಗೆ ಅದು ದೊಡ್ಡ ಬದು. ನದಿ ತಂದ ಮಣ್ಣಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ನದಿ ಮೊರದಲ್ಲಿ ಕೇರಿದ ಹಾಗೆ ಕಲ್ಲು ಬೇರೆ, ಮರಳು ಬೇರೆ, ಗೋಡು ಬೇರೆ ಮಾಡಿ ಹಾಕುತ್ತದೆ. ಹಿಮನದಿಗೆ ಆ ಬುದ್ಧಿ ಇಲ್ಲ. ಮನೆಗಾತ್ರದ ಬಂಡೆ, ಅದರ ಪಕ್ಕ ಮುಷ್ಟಿಗಾತ್ರದ ಕಲ್ಲು, ಸಂದಿಯಲ್ಲಿ ಹಿಟ್ಟಿನಂಥ ಪುಡಿ, ಎಲ್ಲ ಒಟ್ಟಿಗೆ ಗುಡ್ಡೆ. ಯಾರೂ ದಿಮ್ಮಿಸಿಲ್ಲ, ಕಲ್ಲು ಕಟ್ಟಿಲ್ಲ. ಕೆಲವು ಮೊರೇನ್‌ಗಳ ಹೊಟ್ಟೆಯಲ್ಲಿ ಹಳೆಯ ಮಂಜುಗಡ್ಡೆಯೂ ಇರುತ್ತದೆ, ಅದು ಕರಗಿದರೆ ಒಳಗೇ ಪೊಳ್ಳಾಗುತ್ತದೆ.

ಹಿಮನದಿ ತೆಳುವಾಗಿ ಕುಗ್ಗಿದಾಗ ಬದು ಮಾತ್ರ ಎತ್ತರಕ್ಕೆ ನಿಂತುಬಿಡುತ್ತದೆ. ಆಗ ಬದುವಿಗೂ ಬೆಟ್ಟಕ್ಕೂ ನಡುವೆ ಒಂದು ತಗ್ಗು ಉಳಿಯುತ್ತದೆ. ಚೋರಾಬಾರಿ ಕೆರೆ ನಿಂತಿದ್ದು ಹೀಗೆ, ಹಿಮನದಿಯ ಬಲಮಗ್ಗುಲ ಬದುವಿನ ಆಚೆಗಿನ ತಗ್ಗಿನಲ್ಲಿ. ಹಿಮನದಿಯ ಪಕ್ಕದಲ್ಲೇ ಇದ್ದರೂ ಅದಕ್ಕೆ ನೀರು ಬರುತ್ತಿದ್ದುದು ಮೇಲಿನ ಬೆಟ್ಟದ ಹಿಮ ಕರಗಿ ಮತ್ತು ಮಳೆಯಿಂದ. ಬಂದ ನೀರು ಬದುವಿನ ಕಲ್ಲುಸಂದಿಯಲ್ಲಿ ಜಿನುಗಿ ಹೋಗುತ್ತಿತ್ತು. ವರ್ಷದ ಬಹುಪಾಲು ಅಲ್ಲಿ ಹೇಳಿಕೊಳ್ಳುವಷ್ಟು ನೀರು ಇರುತ್ತಿರಲಿಲ್ಲ. ಬರುವುದು ಕಮ್ಮಿ ಇದ್ದಾಗ ಜಿನುಗಿದ್ದು ಸಾಕಾಗುತ್ತಿತ್ತು. ಯಾರಿಗೂ ಭಯ ಹುಟ್ಟದ ಕೆರೆ, ಪೋಸ್ಟ್‌ಕಾರ್ಡಿನಲ್ಲಿ ಚೆಂದ ಕಾಣುವ ಕೆರೆ.

2013ರಲ್ಲಿ ಜೂನ್ ಬಂದರೂ ಮೇಲಿನ ಇಳಿಜಾರಿನಲ್ಲಿ ಹಿಮ ಜಾಸ್ತಿ ಇತ್ತು. ಅದರ ಮೇಲೆ ಮಳೆ. ಅಲ್ಲೇ ಹಿಮನದಿಯ ಬಳಿ ಇದ್ದ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಮಳೆಮಾಪಕದಲ್ಲಿ ಜೂನ್ 15ರ ಸಂಜೆ 5ರಿಂದ 16ರ ಬೆಳಗಿನ 5ರವರೆಗೆ 210 ಮಿಲಿಮೀಟರ್, ಆಮೇಲೆ 16ರ ಸಂಜೆ 5ರವರೆಗೆ ಇನ್ನೂ 115. ಒಟ್ಟು 325. ಟಿವಿಯವರು ಇದನ್ನು ಮೇಘಸ್ಫೋಟ ಅಂದರು. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮೇಘಸ್ಫೋಟ ಅಂದರೆ ಒಂದು ಗಂಟೆಗೆ 100 ಮಿಲಿಮೀಟರ್. ಇದು ಆ ಥರದ ಮಳೆ ಅಲ್ಲ, ಬಿಡದೆ ಹಿಡಿದುಕೊಂಡು ಸುರಿದ ಮಳೆ. ಇದನ್ನು ಎತ್ತಿ ಹೇಳುವುದಕ್ಕೆ ಕಾರಣ ಇದೆ. ಮೇಘಸ್ಫೋಟ ಅಂದಕೂಡಲೇ ಎಲ್ಲರೂ ಕೈ ಮೇಲೆತ್ತಿ ದೇವರ ಕಡೆ ತೋರಿಸುತ್ತಾರೆ, ಕ್ಷಣದಲ್ಲಿ ಆಗಿದ್ದಕ್ಕೆ ಯಾರು ಏನು ಮಾಡಲು ಸಾಧ್ಯ ಅಂತ. ಇಲ್ಲಿ ಕ್ಷಣದಲ್ಲಿ ಆಗಿದ್ದು ಒಡೆದದ್ದು ಮಾತ್ರ, ತುಂಬಲು ಎರಡು ರಾತ್ರಿ ತೆಗೆದುಕೊಂಡಿತ್ತು.

16ರ ಸಂಜೆಯೇ ಒಂದು ಹೊಡೆತ ಬಿತ್ತು. ಪಟ್ಟಣದ ಪಕ್ಕದ ನದಿಗಳಾದ ಮಂದಾಕಿನಿ ಮತ್ತು ಸರಸ್ವತಿ ಎರಡೂ ತುಂಬಿ, ದಡ ಕೊರೆದು, ಕೆಸರು ಕಲ್ಲು ಹೊತ್ತು ಪಟ್ಟಣಕ್ಕೆ ನುಗ್ಗಿದವು. ಮರುದಿನ ಬೆಳಗ್ಗೆ 6:45ಕ್ಕೆ ಬದು ಕಿತ್ತುಹೋಯಿತು. ಕೆರೆಗೂ ಗುಡಿಗೂ ಮಧ್ಯೆ ಸುಮಾರು 300 ಮೀಟರ್ ಇಳಿತ. ಮೇಲಿಂದ ಹೊರಟಿದ್ದು ನೀರು, ಕೆಳಗೆ ಬಂದದ್ದು ಬರೀ ನೀರಲ್ಲ, ದಾರಿಯ ಮೊರೇನನ್ನೆಲ್ಲ ಬಾಚಿಕೊಂಡ ಕಾಂಕ್ರೀಟಿನಂಥ ಹರಿವು. ಸುಮಾರು ಏಳು ಕಿಲೋಮೀಟರ್ ಕೆಳಗಿದ್ದ ರಾಂಬಾಡ ಅನ್ನುವ ಜಾಗವೇ ಅಳಿಸಿಹೋಯಿತು. ಆ ಜೂನ್‌ನಲ್ಲಿ ಉತ್ತರಾಖಂಡದಲ್ಲಿ ಸತ್ತವರು ಮತ್ತು ಕಾಣೆಯಾದವರು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು.

ಈಗ ನಾನು ಪತ್ರ ಬರೆಯಲು ಕೂತ ವಿಷಯ. ಆ ಕೆರೆಯ ಗಾತ್ರ ಎಷ್ಟಿತ್ತು? ವಾಡಿಯಾ ಸಂಸ್ಥೆಯವರ ಪ್ರಕಾರ ಉದ್ದ ಸುಮಾರು 400 ಮೀಟರ್, ಅಗಲ 200, ಆಳ 15ರಿಂದ 20. ಆಯತ ಅಂತಲೇ ಇಟ್ಟುಕೊಂಡು ಉದ್ದ-ಅಗಲ ಗುಣಿಸಿದರೂ 8 ಹೆಕ್ಟೇರ್. ಕೆರೆ ಆಯತದ ಹಾಗೆ ಇರುವುದಿಲ್ಲ, ಹಾಗಾಗಿ ಅದಕ್ಕಿಂತ ಕಮ್ಮಿಯೇ.

ನಿಮ್ಮ ಕಡೆಯ ಅಂಕಿಗಳನ್ನೇ ಪಕ್ಕಕ್ಕಿಟ್ಟು ನೋಡಿ. ಕೇಂದ್ರ ಜಲ ಆಯೋಗ ಮೊದಲು ಉಪಗ್ರಹದಿಂದ ಕಣ್ಣಿಟ್ಟಿದ್ದು 50 ಹೆಕ್ಟೇರಿಗಿಂತ ದೊಡ್ಡ 477 ಕೆರೆ ಮತ್ತು ಜಲರಾಶಿಗಳ ಮೇಲೆ. ಆಮೇಲೆ ಅದನ್ನು 10 ಹೆಕ್ಟೇರಿಗೆ ಇಳಿಸಿ 902 ಮಾಡಿದರು. ಒಳ್ಳೆಯ ಕೆಲಸ, ನಿಜವಾಗಿ ಮೆಚ್ಚಿ ಹೇಳುತ್ತಿದ್ದೇನೆ. ಇಸ್ರೋ 2024ರಲ್ಲಿ ಕೊಟ್ಟ ವರದಿಯಲ್ಲೂ ಗೆರೆ 10 ಹೆಕ್ಟೇರೇ: ಅದಕ್ಕಿಂತ ದೊಡ್ಡ 2,431 ಕೆರೆಗಳಲ್ಲಿ 676 ಕೆರೆ 1984ರಿಂದೀಚೆಗೆ ಹಿಗ್ಗಿವೆ, ಅದರಲ್ಲಿ 130 ಭಾರತದೊಳಗಿವೆ. ಅಂದರೆ ಮತ್ತೊಂದು ಚೋರಾಬಾರಿ ಇವತ್ತು ಎಲ್ಲೋ ತುಂಬುತ್ತಿದ್ದರೆ, ಅದು ನಿಮ್ಮ ಈ 902ರಲ್ಲೂ ಇರುವುದಿಲ್ಲ, ಆ 2,431ರಲ್ಲೂ ಇರುವುದಿಲ್ಲ. ಎಂಟು ಹೆಕ್ಟೇರ್ ಅನ್ನುವುದು ಹತ್ತಕ್ಕಿಂತ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ.

ದೊಡ್ಡ ಕೆರೆಗಳನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಸಿಕ್ಕಿಂನ ದಕ್ಷಿಣ ಲೋನಾಕ್ ಏನು ಮಾಡಿತು ಅಂತ ನೋಡಿದ್ದೇವೆ. 167 ಹೆಕ್ಟೇರ್ ಇದ್ದ ಕೆರೆ, 5,200 ಮೀಟರ್ ಎತ್ತರದಲ್ಲಿ. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಮೊರೇನ್ ಕುಸಿದು ಕೆರೆಯೊಳಗೆ ಬಿತ್ತು, ಅಲೆ ಎದ್ದು ಏರಿ ಒಡೆಯಿತು, ಚುಂಗ್‌ಥಾಂಗಿನ 1,200 ಮೆಗಾವಾಟಿನ ತೀಸ್ತಾ-3 ಅಣೆಕಟ್ಟೇ ಕೊಚ್ಚಿಹೋಯಿತು. ಆ ಕೆರೆ ಪಟ್ಟಿಯಲ್ಲಿತ್ತು. ಅಪಾಯ ಇದೆ ಅಂತ ವರ್ಷಗಳಿಂದ ಗೊತ್ತಿತ್ತು, 2016ರಲ್ಲಿ ಪೈಪ್ ಹಾಕಿ ನೀರು ಎಳೆದದ್ದೂ ಆಗಿತ್ತು. ಪಟ್ಟಿಯಲ್ಲಿ ಇದ್ದ ಕೆರೆಯ ಗತಿ ಇದು. ಪಟ್ಟಿಯಲ್ಲೇ ಇಲ್ಲದ ಕೆರೆಗಳ ಬಗ್ಗೆ ನನಗೆ ಹೆದರಿಕೆ ಆಗುವುದು ತಪ್ಪಾ?

ನೀವು ಅಪಾಯದ ದರ್ಜೆ ಹಾಕುವಾಗ ಗಾತ್ರ ಒಂದನ್ನೇ ನೋಡುವುದಿಲ್ಲ ಅಂತಲೂ ಗೊತ್ತು. ಉತ್ತರಾಖಂಡದಲ್ಲಿ 13 ಕೆರೆ ಗುರುತಿಸಿ, ಅದರಲ್ಲಿ ಐದನ್ನು ಅತಿ ಅಪಾಯದ್ದು ಅಂದಿದ್ದೀರಿ, ಚಮೋಲಿ ಜಿಲ್ಲೆಯ ವಸುಧಾರಾ ತಾಲ್ ಮತ್ತು ಪಿಥೋರಾಗಢದ ನಾಲ್ಕು. ಹತ್ತಿ ಹೋಗಿ ನೋಡುವ ಕೆಲಸವೂ ಶುರುವಾಗಿದೆ. ಅದು ಸುಲಭದ ಕೆಲಸ ಅಲ್ಲ, ಆ ಎತ್ತರಕ್ಕೆ ದೋಣಿ, ಆಳ ಅಳೆಯುವ ಉಪಕರಣ ಹೊತ್ತುಕೊಂಡು ಹೋಗುವವರಿಗೆ ನನ್ನ ಸಲಾಂ. ನನ್ನ ತಕರಾರು ಜರಡಿಯ ಬಗ್ಗೆ. ಮೊದಲ ಜರಡಿಯೇ ಗಾತ್ರದ್ದಾದರೆ, ಆಮೇಲೆ ಎಷ್ಟು ಸೂಕ್ಷ್ಮವಾಗಿ ಸೋಸಿದರೂ ಬಿದ್ದುಹೋದದ್ದು ವಾಪಸ್ ಬರುವುದಿಲ್ಲ.

ಬೆಟ್ಟದ ಮೇಲಿನ ಚಿಕ್ಕ ಕೆರೆಗಳೆಲ್ಲ ಒಂದೇ ಥರ ಅಲ್ಲ. ಹಿಮನದಿ ಗಟ್ಟಿ ಬಂಡೆಯನ್ನೇ ಕೊರೆದು ಮಾಡಿದ ಕಲ್ಲಿನ ಬೋಗುಣಿಯಲ್ಲಿ ನಿಂತ ಕೆರೆ ಸಾವಿರಾರು ವರ್ಷ ಹಾಗೇ ಇರಬಹುದು. ಅದರ ಅಂಚು ಕಲ್ಲು, ಕಿತ್ತುಹೋಗುವುದಿಲ್ಲ. ಮೇಲಿಂದ ಬಂಡೆಯೋ ಹಿಮವೋ ಬಿದ್ದು ನೀರು ಹೊರಗೆ ಚಿಮ್ಮಬಹುದು, ಅಷ್ಟೇ. ಹಿಮನದಿಯ ಬೆನ್ನ ಮೇಲೆ ಕಲ್ಲುಮಣ್ಣಿನ ನಡುವೆ ಮೂಡುವ ಹೊಂಡಗಳು ಒಂದು ಸೀಸನ್ನಿನಲ್ಲಿ ಬಂದು ಇನ್ನೊಂದರಲ್ಲಿ ಮಾಯವಾಗುತ್ತವೆ. ಮೊರೇನ್ ಕಟ್ಟಿದ ಕೆರೆಯ ಕಥೆಯೇ ಬೇರೆ. ಅದರಲ್ಲೂ ಒಂದು ಮೂಲೆಯಲ್ಲಿ ನೀರು ತಾನೇ ದಾರಿ ಮಾಡಿಕೊಂಡು, ದೊಡ್ಡ ಬಂಡೆಗಳ ಮೇಲೆ ಹರಿಯುತ್ತಾ ಕೋಡಿ ಆಗಿದ್ದರೆ ಸ್ವಲ್ಪ ನೆಮ್ಮದಿ. ಕೋಡಿಯೇ ಇಲ್ಲದೆ ಬರೀ ಜಿನುಗುವುದಾದರೆ, ಆ ಕೆರೆ ತುಂಬಿದ ದಿನ ನೀರು ಬದುವಿನ ಅತಿ ತಗ್ಗಿನ ಜಾಗದ ಮೇಲೆ ಹತ್ತುತ್ತದೆ, ಇಲ್ಲಾ ಒಳಗಿಂದ ಮಣ್ಣನ್ನು ಕೊರೆಯುತ್ತಾ ಕೊಳವೆ ಮಾಡುತ್ತದೆ. ಎರಡರಲ್ಲಿ ಯಾವುದಾದರೂ ಒಂದು ಸಲ ಶುರುವಾದರೆ ನಿಲ್ಲಿಸುವವರು ಯಾರೂ ಇರುವುದಿಲ್ಲ. ಬಾಯಿ ಅಗಲವಾದಷ್ಟೂ ನೀರು ಜಾಸ್ತಿ, ನೀರು ಜಾಸ್ತಿಯಾದಷ್ಟೂ ಬಾಯಿ ಅಗಲ. ಕೆರೆ ಏರಿ ಒಡೆದದ್ದನ್ನು ನೋಡಿದ ಯಾವ ರೈತನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. 10 ಹೆಕ್ಟೇರಿಗಿಂತ ಚಿಕ್ಕ ಕೆರೆಗಳನ್ನೂ ಒಂದು ಸಲ ಕೂತು ಜರಡಿ ಹಿಡಿಯಿರಿ, ಆದರೆ ಬೇರೆ ಜರಡಿ. ಏರಿ ಯಾವುದು, ಕಲ್ಲೋ ಮೊರೇನೋ? ಕೋಡಿ ಇದೆಯಾ? ಎಷ್ಟು ದೊಡ್ಡ ಇಳಿಜಾರಿನ ನೀರು ಅದಕ್ಕೆ ಬಂದು ಬೀಳುತ್ತದೆ? ಕೆಳಗೆ ಎಷ್ಟು ದೂರದಲ್ಲಿ, ಎಷ್ಟು ಜನ? ಇದಕ್ಕೆ ಹೊಸ ಉಪಗ್ರಹ ಬೇಡ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಅಟ್ಲಾಸ್‌ಗಳಲ್ಲಿ ಕಾಲು ಹೆಕ್ಟೇರಿನ ಕೆರೆವರೆಗೂ ಗುರುತಿಸಿ, 28 ಸಾವಿರಕ್ಕೂ ಹೆಚ್ಚು ಕೆರೆಗಳ ನಕ್ಷೆ ಆಗಲೇ ಇದೆ. ಎಣಿಸಿ ಆಗಿದೆ. ಯಾವುದನ್ನು ಕಾಯಬೇಕು ಅನ್ನುವುದು ಮಾತ್ರ ಬಾಕಿ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡಿದರೆ, ಅಂದರೆ ಜನ ಸೇರುವ ಜಾಗದಿಂದ ಮೇಲಕ್ಕೆ ನೋಡುತ್ತಾ ಹೋದರೆ, 28 ಸಾವಿರ ಬೇಗ ಕರಗಿ ಕೈಗೆಟಕುವಷ್ಟು ಆಗುತ್ತದೆ ಅನ್ನುವುದು ನನ್ನ ಅಂದಾಜು.

ಜನ ಅಂದೆ. 2023ರಲ್ಲಿ ಕೇದಾರಕ್ಕೆ ಬಂದವರು 19 ಲಕ್ಷಕ್ಕೂ ಹೆಚ್ಚು. ಸೋನಪ್ರಯಾಗದಿಂದ ಗುಡಿಯವರೆಗೆ 12.9 ಕಿಲೋಮೀಟರ್ ರೋಪ್‌ವೇಗೆ 2025ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, 4,081 ಕೋಟಿ ರೂಪಾಯಿ, ಗಂಟೆಗೆ ಒಂದು ದಿಕ್ಕಿನಲ್ಲಿ 1,800 ಜನ. ಹಿಮಕೆರೆ ಒಡೆಯುವ ಅಪಾಯ ತಗ್ಗಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2024ರಲ್ಲಿ ಒಪ್ಪಿದ್ದು 150 ಕೋಟಿ, ಅದೂ ಹಿಮಾಚಲ, ಉತ್ತರಾಖಂಡ, ಸಿಕ್ಕಿಂ, ಅರುಣಾಚಲ ನಾಲ್ಕೂ ಸೇರಿ. ಒಂದು ರೋಪ್‌ವೇಯನ್ನೂ ಇದನ್ನೂ ಹೋಲಿಸುವುದು ಸರಿಯಲ್ಲ ಅಂತ ನೀವು ಹೇಳಬಹುದು, ಎರಡರ ಖಾತೆಯೂ ಬೇರೆ, ಲೆಕ್ಕವೂ ಬೇರೆ, ಒಪ್ಪುತ್ತೇನೆ. ವಯಸ್ಸಾದವರಿಗೆ ರೋಪ್‌ವೇ ಅನುಕೂಲ ಅನ್ನುವುದನ್ನೂ ಒಪ್ಪುತ್ತೇನೆ, ಮಾವನ ಮೊಣಕಾಲು ನೋಡಿದ್ದೇನೆ. ಆದರೂ ಒಂದೇ ಕಣಿವೆಗೆ ಜನರನ್ನು ಬೇಗ ಬೇಗ ಏರಿಸುವ ದುಡ್ಡು ಇಷ್ಟಿದ್ದಾಗ, ಆ ಜನರ ತಲೆಯ ಮೇಲೆ ಏನಿದೆ ಅಂತ ನೋಡುವ ದುಡ್ಡೂ ಅದೇ ಯೋಜನೆಯೊಳಗೆ ಇರಬೇಕಲ್ವಾ?

ಕೇದಾರದ ನೆಲದ ಬಗ್ಗೆಯೂ ಒಂದು ಮಾತು. ಆ ಪಟ್ಟಣ ನಿಂತಿರುವ ಬಯಲು ಎಲ್ಲಿಂದ ಬಂತು? ಹಿಮನದಿ ಮತ್ತು ಅದರಿಂದ ಹೊರಟ ನೀರು ತಂದು ಹಾಸಿದ್ದು. ಮಣ್ಣಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಲೆಕ್ಕ ಹಾಕುವ ಒಂದು ವಿಧಾನವಿದೆ. ಹಾಗೆ ಲೆಕ್ಕ ಹಾಕಿದವರು ಸುಮಾರು 13 ಸಾವಿರ ವರ್ಷದ ಹಿಂದೆ ಹಿಮನದಿ ರಾಂಬಾಡದವರೆಗೂ ಚಾಚಿತ್ತು, ಸುಮಾರು 5 ಸಾವಿರ ವರ್ಷದ ಹಿಂದೆ ಕೇದಾರನಾಥದ ಹತ್ತಿರ ಇತ್ತು ಅನ್ನುತ್ತಾರೆ. ಹಾಗಾಗಿ ಅಲ್ಲಿ ಮಂದಾಕಿನಿ ಈ ಕಡೆ, ಸರಸ್ವತಿ ಆ ಕಡೆ ಹರಿಯುವುದು ನಮ್ಮ ಆಯುಷ್ಯದ ಮಟ್ಟಿಗಿನ ಏರ್ಪಾಡು. 2013ರಲ್ಲಿ ಎರಡೂ ತಮ್ಮ ಹಳೆಯ ಜಾಗ ಕೇಳಿಕೊಂಡು ಬಂದವು. ಗುಡಿ ಉಳಿಯಿತು, ಸುತ್ತ ಕಟ್ಟಿದ್ದರಲ್ಲಿ ಬಹುಪಾಲು ಹೋಯಿತು. ಆಮೇಲೆ ಗುಡಿಯ ಹಿಂದೆ ತಡೆಗೋಡೆ ಎದ್ದಿವೆ. ಗೋಡೆ ನೋಡಿ ಧೈರ್ಯ ಬಂದು, ನದಿಯ ಹಾಸಿಗೆಗೆ ಇನ್ನಷ್ಟು ಹತ್ತಿರ ಕಟ್ಟಡ ಬರುವುದು ಬೇಡ.

ಚೋರಾಬಾರಿಯ ಆ ಹಳೆಯ ಕೆರೆ ಮತ್ತೆ ಹಾಗೇ ತುಂಬುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಒಡೆದ ಬಾಯಿ ಈಗ ಅದಕ್ಕೆ ಕೋಡಿ. ಎಲ್ಲ ದುರಂತಕ್ಕೂ ಕೆರೆಯೇ ಕಾರಣ ಅಂತಲೂ ಅಲ್ಲ. 2021ರ ಫೆಬ್ರವರಿ 7ರಂದು ಚಮೋಲಿಯಲ್ಲಿ ಪ್ರವಾಹ ಬಂದಾಗ ಅರ್ಧ ದೇಶ 'ಹಿಮಕೆರೆ ಒಡೆಯಿತು' ಅಂತ ಬರೆಯಿತು. ಆಮೇಲೆ ನೋಡಿದರೆ ರೋಂಟಿ ಶಿಖರದಿಂದ ಬಂಡೆ ಮತ್ತು ಮಂಜುಗಡ್ಡೆ ಒಟ್ಟಿಗೆ ಕಳಚಿ ಬಿದ್ದಿತ್ತು. ಬೆಟ್ಟಕ್ಕೆ ಬೇರೆ ಬೇರೆ ದಾರಿಗಳಿವೆ. ಅದಕ್ಕೇ ಯಾವ ಜಾಗದಲ್ಲಿ ಯಾವ ದಾರಿ ಅಂತ ಹತ್ತಿ ನೋಡಿ ಬರೆದಿಡಿ ಅನ್ನುವುದು. ಬರೆದದ್ದನ್ನು ಫೈಲಿನಲ್ಲಿ ಇಡಬೇಡಿ, ಆಯಾ ಊರಿನ ಜನರಿಗೆ ಅವರ ಭಾಷೆಯಲ್ಲಿ ಕೊಡಿ.

ಯಾತ್ರೆಗೆ ಹೋಗುವ ನಮ್ಮವರಿಗೆ: ಜೂನ್ ಮಧ್ಯದ ಮೇಲೆ ಬಿಡದೆ ಮಳೆ ಹಿಡಿದರೆ 'ಇಷ್ಟು ದೂರ ಬಂದಿದ್ದೇವೆ, ದರ್ಶನ ಮಾಡಿಯೇ ಹೋಗೋಣ' ಅಂತ ಹಟ ಮಾಡಬೇಡಿ. ನದಿ ದಂಡೆಯ ರೂಮು ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಬಿಸಿಲಿದ್ದ ದಿನ, ಉಸಿರು ಸಾಥ್ ಕೊಟ್ಟರೆ, ಅಲ್ಲಿಯವರನ್ನು ಕೇಳಿಕೊಂಡು ಆ ಖಾಲಿ ಕೆರೆಯವರೆಗೆ ಹೋಗಿ ಬನ್ನಿ. ನೋಡುವ ಜಾಗ ಅದು.

ಪ್ರಾಧಿಕಾರದವರಿಗೆ ಕೊನೆಯದಾಗಿ ಒಂದು. ಆ ಮಳೆಯ ಲೆಕ್ಕ 16ರ ಸಂಜೆ 5 ಗಂಟೆವರೆಗಿದೆ ಅಂತ ಮೇಲೆ ಬರೆದೆ. ಕೆರೆ ಒಡೆದದ್ದು ಮರುದಿನ ಬೆಳಗ್ಗೆ 6:45ಕ್ಕೆ. ಮೇಲೆ ಹಿಮನದಿಯ ಶಿಬಿರದಲ್ಲಿ ಕಾವಲಿಗಿದ್ದ ಸಿಬ್ಬಂದಿ ಅದನ್ನು ಕಂಡವರು, ಕೆರೆ ಎಷ್ಟು ನಿಮಿಷದಲ್ಲಿ ಖಾಲಿಯಾಯಿತು ಅಂತ ನಮಗೆ ಗೊತ್ತಾಗಿದ್ದೂ ಅವರಿಂದಲೇ. ಮಾಪಕ ಇತ್ತು, ಮನುಷ್ಯರಿದ್ದರು. ಅಲ್ಲಿಂದ ಕೆಳಗಿನ ಪಟ್ಟಣಕ್ಕೆ ಒಂದು ಸೈರನ್ ಇರಲಿಲ್ಲ. ಈಗ ಎಲ್ಲೆಲ್ಲಿ ಹೊಸ ಮಾಪಕ ಕೂರಿಸುತ್ತೀರೋ, ಅಲ್ಲೆಲ್ಲ ಅದರ ಜೊತೆಗೆ ಒಂದು ಹಾಳೆಯನ್ನೂ ಅಂಟಿಸಿ: ಎಷ್ಟು ಮಿಲಿಮೀಟರ್ ದಾಟಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಯಾರು ಯಾರಿಗೆ ಫೋನ್ ಮಾಡಬೇಕು, ಆ ಕಡೆಯವರು ಎತ್ತದಿದ್ದರೆ ಮುಂದಿನ ನಂಬರ್ ಯಾರದು, ಸಿಗ್ನಲ್ ಸಿಗದಿದ್ದರೆ ಸೈರನ್ ಒತ್ತುವುದು ಯಾರು.

ಇತಿ,
ಆ ಖಾಲಿ ಕೆರೆಯ ತಳದಲ್ಲಿ ಅರ್ಧ ಗಂಟೆ ಕೂತು ಬಂದ ಒಬ್ಬ ಯಾತ್ರಿಕ